‘ಹಿಂದೆ’ ಅಂದರೆ ಎಲ್ಲಿಗೆ?

ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಕೈಪಿಡಿಗಳನ್ನು ಟರ್ಮಿನಲ್‌ನಲ್ಲೇ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲೇ, ಓದಲು ‘ಇನ್ಫೋ’ ಎಂಬ ತಂತ್ರಾಂಶ ಇದೆ. ಓಡಾಟವೆಲ್ಲ ಕೀಲಿಗಳಿಂದ. ನಮ್ಮ ಲ್ಯಾಬಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಅದರ ಬಗ್ಗೆ ನಾಲ್ಕು ಪುಟದ ಪರಿಚಯ ಬರೆದಿದ್ದೆ. ಕೈಪಿಡಿಯ ರಚನೆ, ಈ ಕೈಪಿಡಿಗಳ ಮೂಲವಾದ ಒಂದೇ ಟೆಕ್ಸ್‌ಇನ್ಫೋ ಕಡತದಿಂದ ಪಿಡಿಎಫ್ ಕೂಡ ಹೇಗೆ ಬರುತ್ತದೆ, ಎಲ್ಲವೂ ಅದರಲ್ಲಿತ್ತು. ಹೊರಗೆ ಬರುವುದು ಹೇಗೆ ಅನ್ನುವುದು ಮಾತ್ರ ಮೂರನೇ ಪುಟದಲ್ಲಿತ್ತು.

ಒಂದು ದಿನ ಒಬ್ಬ ವಿದ್ಯಾರ್ಥಿನಿಯ ಪಕ್ಕ ಕೂತು, ಏನೂ ಹೇಳಿಕೊಡದೆ ನೋಡಿದೆ. ನಾನು ಬರೆದಂತೆಯೇ ಅವಳು ಇನ್ಫೋ ಬಳಕೆಯ ಪಾಠ ತೆರೆಯಲು ಎಚ್ ಒತ್ತಿದಳು. ಪಾಠ ತೆರೆಯಲಿಲ್ಲ. ಕೀಬೋರ್ಡ್ ಕನ್ನಡದಲ್ಲಿತ್ತು, ಹೋದದ್ದು ‘ಹ’. ಕೊನೆಗೆ ಹೊರಬರುವ ದಾರಿ ಸಿಗದೆ ಕಿಟಕಿಯನ್ನೇ ಮುಚ್ಚಿದಳು. ಅಂದೇ ಮೊದಲ ಎರಡು ಸಾಲು ಬದಲಾದವು: ಕೀಬೋರ್ಡನ್ನು ಇಂಗ್ಲಿಷಿಗೆ ತನ್ನಿ, ಸಾಕೆನಿಸಿದಾಗ ಕ್ಯೂ ಒತ್ತಿ.

ಪದಗಳದ್ದು ಇನ್ನೊಂದು ಕಷ್ಟ. ಕೈಪಿಡಿಯ ಒಂದೊಂದು ಭಾಗಕ್ಕೂ ಇನ್ಫೋದಲ್ಲಿ ‘ನೋಡ್’ ಅನ್ನುತ್ತಾರೆ. ‘ಮುಂದಿನ ನೋಡ್ ನೋಡಿ’ ಅಂತ ಬರೆದರೆ ನಮ್ಮವರು ಏನೆಂದು ಓದಬೇಕು? ‘ಪುಟ’ ಅಂದೆ. ಪರದೆ ಮುಗಿದರೆ ಪುಟ ಮುಗಿದಂತಲ್ಲ, ಸ್ಪೇಸ್ ಒತ್ತುತ್ತಾ ಹೋಗಿ ಅನ್ನುವ ಸಾಲನ್ನು ಜೊತೆಗೇ ಸೇರಿಸಿದೆ.

ನಿಜವಾಗಿ ತಲೆ ತಿಂದದ್ದು ‘ಹಿಂದೆ’ ಅನ್ನುವ ಮಾತು. ಪಿ ಮತ್ತು ಎಲ್, ಎರಡೂ ಕೀಲಿಗಳಿಗೆ ನಾನು ‘ಹಿಂದಕ್ಕೆ’ ಎಂದೇ ಬರೆದಿದ್ದೆ. ಕೋರ್‌ಯುಟಿಲ್ಸ್ (ಗ್ನುವಿನ ಮೂಲ ಆಜ್ಞೆಗಳ ಸಂಗ್ರಹ) ಕೈಪಿಡಿಯಲ್ಲಿ, ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಯ ಪುಟ ಓದುತ್ತಿದ್ದ ಅದೇ ವಿದ್ಯಾರ್ಥಿನಿ ಕೊಂಡಿ ಹಿಡಿದು, ಹಲವು ಆಜ್ಞೆಗಳಿಗೆ ಸಮಾನವಾದ ಆಯ್ಕೆಗಳ ‘ಕಾಮನ್ ಆಪ್ಷನ್ಸ್’ ಪುಟಕ್ಕೆ ಹೋದಳು. ವಾಪಸಾಗಲು ಪಿ ಒತ್ತಿದರೆ ಎಲ್‌ಎಸ್ ಬರಲಿಲ್ಲ, ಕೈಪಿಡಿಯ ಮುನ್ನುಡಿ ಬಂತು! ಪುಸ್ತಕದ ಕ್ರಮದಲ್ಲಿ ಆ ಅಧ್ಯಾಯಕ್ಕಿಂತ ಮೊದಲು ಇರುವುದು ಮುನ್ನುಡಿಯೇ. ತಪ್ಪು ಅವಳದ್ದಲ್ಲ, ನನ್ನ ವಾಕ್ಯದ್ದು. ಈಗ ಪಿ ಎದುರು ‘ಪುಸ್ತಕದ ಕ್ರಮದಲ್ಲಿ ಇದಕ್ಕಿಂತ ಮುಂಚಿನದು’, ಎಲ್ ಎದುರು ‘ನೀವು ಎಲ್ಲಿಂದ ಬಂದಿರೋ ಅಲ್ಲಿಗೆ’ ಎಂದಿದೆ. ಕೆಳಗೆ ಅಭ್ಯಾಸಕ್ಕೆ ಇದೇ ಎಲ್‌ಎಸ್ ದಾರಿಯನ್ನು ಕೊಟ್ಟಿದ್ದೇನೆ. ಒಮ್ಮೆ ಪಿ, ಒಮ್ಮೆ ಎಲ್ ಒತ್ತಿ ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ರಚನೆಯ ವಿವರಣೆ ಕೊನೆಗೆ ಹೋಯಿತು, ಪಿಡಿಎಫ್ ವಿಷಯ ಪೂರ್ತಿ ಹೋಯಿತು. ಎಮ್ ಒತ್ತಿ ಮೆನುವಿನಲ್ಲಿರುವ ಹೆಸರು ಟೈಪ್ ಮಾಡುವುದನ್ನೂ ಕೊನೆಯ ಕಡೆಗೆ ಸರಿಸಿದೆ. ಹೆಸರುಗಳೆಲ್ಲ ಇಂಗ್ಲಿಷಿನವು, ಒಂದಕ್ಷರ ತಪ್ಪಿದರೂ ಹೊಸಬರು ಗಾಬರಿಯಾಗುತ್ತಾರೆ. ಟ್ಯಾಬ್ ಒತ್ತಿ ಕೊಂಡಿಗೆ ಹೋಗಿ, ಎಂಟರ್ ಒತ್ತಿ ಒಳಗೆ ಹೋಗುವುದನ್ನೇ ಮೊದಲು ಕಲಿಸುತ್ತಿದ್ದೇನೆ.