ಔಟ್‌ಲೈನ್ ಬಿಟ್ಟೆ, ಮೊಟ್ಟೆ ದುಂಡಗಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ಇದು ಪೆನ್ಸಿಲ್ ಹಿಡಿಯೋದು ಹೇಗೆ ಅಂತ ಕಲಿಸೋ ಪಾಠ ಅಲ್ಲ. 2ಬಿ ಯಾವ್ದು 6ಬಿ ಯಾವ್ದು (ಎಚ್ ಅಂದ್ರೆ ಗಟ್ಟಿ, ತಿಳಿ ಗೆರೆ; ಬಿ ಅಂದ್ರೆ ಮೆದು, ಕಪ್ಪು ಗೆರೆ; ಅಂಕಿ ದೊಡ್ಡದಾದಷ್ಟೂ ಆ ಗುಣ ಜಾಸ್ತಿ), ಹ್ಯಾಚಿಂಗ್, ಅಂದ್ರೆ ಪಕ್ಕಪಕ್ಕ ಗೆರೆ ಎಳೆದು ನೆರಳು ತುಂಬೋದು, ಏನು ಅಂತ ಗೊತ್ತಿರೋರಿಗೆ ಬರೀತಿರೋದು. ಸುಮಾರು ಮೂರು ವರ್ಷ ಮೊಟ್ಟೆ, ಚೆಂಡು, ಕಪ್, ಬೆಂಕಿಪೊಟ್ಟಣ ಇವನ್ನೇ ಬಿಡಿಸಿ ಬಿಡಿಸಿ ಸಾಕಾಗಿ, ಮಧ್ಯೆ ಎರಡು ಸಲ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿ, ಕೊನೆಗೆ ಎಲ್ಲರೂ "ಅದಾಗಲ್ಲ ಬಿಡು" ಅಂದ ದಾರೀಲೇ ಹೋದ್ಮೇಲೆ ಕೈ ಹತ್ತಿತು. ದಾರಿ ಇಷ್ಟೇ: ಔಟ್‌ಲೈನ್ ಹಾಕೋದೇ ಇಲ್ಲ, ನೆರಳಿಂದ ಶುರು.

ಮುಂಚೆ ನಾನು ಎಲ್ಲರ ಥರಾನೇ ಮಾಡ್ತಿದ್ದೆ. ಎಚ್‌ಬಿಯಲ್ಲಿ ಚೆಂದಾಗಿ ಒಂದು ಗೆರೆ ಎಳ್ದು ಮೊಟ್ಟೆ ಆಕಾರ ಮಾಡೋದು, ಆಮೇಲೆ ಒಳಗಡೆ ಒಂದು ಬದಿಯಿಂದ ಕಪ್ಪು ತುಂಬ್ಕೊಂಡು ಬರೋದು. ಆಕಾರ ಏನೋ ಸರಿಯಾಗೇ ಬರ್ತಿತ್ತು, ಆದ್ರೆ ಚಪ್ಪಟೆ. ಕತ್ತರಿಸಿ ಅಂಟಿಸಿದ ಕಾಗದದ ಥರ. ಶೇಡಿಂಗ್ ಎಷ್ಟು ನುಣ್ಣಗೆ ಮಾಡಿದ್ರೂ ಆ ಸುತ್ತಲಿನ ಗೆರೆ ಮಾತ್ರ ತಂತಿ ಕಟ್ಟಿದ ಹಂಗೆ ಎದ್ದು ಕಾಣ್ತಿತ್ತು. ಮನೇಲೊಬ್ರು ನೋಡಿ "ಕಲ್ಲು ಚೆನ್ನಾಗಿದೆ" ಅಂದ್ರು.

ಆಗ ತಪ್ಪು ನನ್ನ ಸಾಮಾನಿಂದು ಅಂದ್ಕೊಂಡೆ. ಈ ರೋಗ ನಿಮಗೂ ಬಂದಿರುತ್ತೆ. 24 ಪೆನ್ಸಿಲ್ಲಿನ ಟಿನ್ ಡಬ್ಬಿ ತಗೊಂಡೆ, ಅದ್ರಲ್ಲಿ ಇವತ್ತಿಗೂ ನಾನು ಮುಟ್ಟೋದು ನಾಲ್ಕೇ: 2ಎಚ್, ಎಚ್‌ಬಿ, 2ಬಿ, 4ಬಿ. ಉಳಿದ 20ರಲ್ಲಿ ಹೆಚ್ಚಿನವು ಇನ್ನೂ ಕೆತ್ತಿದ ಮೊನೆ ಹಂಗೇ ಇವೆ. ಆಮೇಲೆ ಬ್ಲೆಂಡಿಂಗ್ ಸ್ಟಂಪ್ (ಶೇಡಿಂಗ್ ಉಜ್ಜೋ ಕಾಗದದ ಕಡ್ಡಿ) ಒಂದು ಕಟ್ಟು, ನೀಡೆಡ್ ಇರೇಸರ್ (ಹಿಟ್ಟಿನ ಥರ ನಾದೋ ರಬ್ಬರ್), ಬ್ಯಾಟರಿ ಹಾಕೋ ರಬ್ಬರ್, ಅದಾದ್ಮೇಲೆ ಗಾಜಿನ ಹಂಗೆ ನುಣುಪಾದ ದಪ್ಪ ಪೇಪರ್. ಆ ತಿಂಗಳ ಕೈಖರ್ಚು ಪೂರ್ತಿ ಹೋಯ್ತು, ಸ್ವಲ್ಪ ಸಾಲಾನೂ ಆಯ್ತು. ಆ ನುಣುಪು ಪೇಪರಲ್ಲಿ ಎರಡು ಪದರ ಹಾಕೋ ಹೊತ್ತಿಗೆ ಪೆನ್ಸಿಲ್ ಜಾರೋಕೆ ಶುರು, ಮೂರನೇ ಪದರ ಹತ್ತೋದೇ ಇಲ್ಲ, ಯಾಕಂದ್ರೆ ಪೇಪರಿಗೆ ಸ್ವಲ್ಪ ತರಿ ಇದ್ರೆ ತಾನೆ ಗ್ರಾಫೈಟ್ ಕೂತ್ಕೊಳ್ಳೋದು. ಈಗ ಮಾಮೂಲಿ ಕಾರ್ಟ್ರಿಡ್ಜ್ ಪೇಪರ್, ಅಂದ್ರೆ ಸ್ವಲ್ಪ ತರಿಯಿರೋ ಡ್ರಾಯಿಂಗ್ ಕಾಗದ, 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ತೂಕ) ಆಸುಪಾಸು, ಸಾಕು.

ಇನ್ನೊಂದು ಏಟು ಅಂದ್ರೆ 6ಬಿ. ಕಪ್ಪು ಸಾಲ್ತಿಲ್ಲ ಅಂತ ಒತ್ತಿ ಒತ್ತಿ ತುಂಬ್ದೆ. ಎದುರಿಂದ ನೋಡಿದ್ರೆ ಪರವಾಗಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದ್ರೆ ಅತೀ ಕಪ್ಪಿರಬೇಕಾದ ಜಾಗಾನೇ ಬೆಳ್ಳಿ ಥರ ಮಿಂಚ್ತಿತ್ತು. ಗ್ರಾಫೈಟ್ ಪದರ ಪದರವಾಗಿರೋ ವಸ್ತು, ಒತ್ತಿದಷ್ಟೂ ಆ ಚೂರುಗಳು ಮಲಗಿ ಕನ್ನಡಿ ಆಗ್ತವೆ. ಒತ್ತೋದು ಬಿಟ್ಟು ತೆಳ್ಳಗೆ ಐದಾರು ಪದರ ಹಾಕೋದು ಕಲ್ತಿದ್ದು ಆಮೇಲೆ. ಬೆರಳಲ್ಲಿ ಉಜ್ಜೋದಂತೂ ಮಾಡ್ಲೇಬೇಡಿ, ಚರ್ಮದ ಎಣ್ಣೆ ಹತ್ತಿದ ಕಡೆ ಕಲೆ ಎದ್ದು ರಬ್ಬರಿಗೂ ಹೋಗಲ್ಲ.

ಬುದ್ಧಿ ಬಂದಿದ್ದು ಒಂದು ರಾತ್ರಿ. ನಾನು ಯಾವಾಗ್ಲೂ ಮೇಲೆ ಟ್ಯೂಬ್‌ಲೈಟ್ ಹಾಕಿ, ಪಕ್ಕದಲ್ಲಿ ಟೇಬಲ್ ಲ್ಯಾಂಪೂ ಹಾಕಿ ಬಿಡಿಸ್ತಿದ್ದೆ, ಮೊಟ್ಟೆಗೆ ಎರಡು ನೆರಳು ಬೀಳ್ತಿತ್ತು, ಅದು ತೊಂದರೆ ಅಂತಾನೇ ಹೊಳೆದಿರಲಿಲ್ಲ. ಅವತ್ತು ಮಲಗೋ ಹೊತ್ತಿಗೆ ಮೇಲಿನ ಲೈಟ್ ಆರಿಸ್ದೆ, ಲ್ಯಾಂಪ್ ಆರಿಸೋಕೆ ಕೈ ಚಾಚಿದವನು ಹಂಗೇ ನಿಂತೆ. ಮೊಟ್ಟೆಯ ನೆರಳಿನ ಬದಿ ಎಲ್ಲಿ ಮುಗೀತು, ಟೇಬಲ್ ಮೇಲೆ ಬಿದ್ದ ನೆರಳು ಎಲ್ಲಿ ಶುರುವಾಯ್ತು ಅಂತ ಕಣ್ಣು ಕಿರಿದು ಮಾಡಿ ನೋಡಿದ್ರೆ ಗೊತ್ತೇ ಆಗ್ತಿಲ್ಲ. ಎರಡೂ ಸೇರಿ ಒಂದೇ ಕಪ್ಪು ತುಂಡು. ನಾನು ಮೂರು ವರ್ಷ ಗೆರೆ ಎಳೀತಿದ್ದ ಜಾಗದಲ್ಲಿ ಗೆರೇನೇ ಇಲ್ಲ! ಬೆಳಕಿನ ಬದೀಲೂ ಅಷ್ಟೇ, ಅಂಚು ಕಾಣ್ತಿದ್ದಿದ್ದು ಮೊಟ್ಟೆಯ ಹಿಂದೆ ಗೋಡೆ ಸ್ವಲ್ಪ ಮಬ್ಬಾಗಿತ್ತು ಅಂತ.

ಮಾರನೇ ದಿನ ರಟ್ಟಿನ ಡಬ್ಬ ತಗೊಂಡು ಎರಡು ಬದಿ ಕತ್ತರಿಸಿ, ಒಳಗೆ ಕಪ್ಪು ಕಾಗದ ಅಂಟಿಸ್ದೆ. ಎಡಗಡೆ ಮೇಲಿಂದ ಒಂದೇ ಬಲ್ಬ್. ಮೊದಲು ಹತ್ತಿರ, ಅಂದಾಜು ಒಂದಡಿ ದೂರ ಇಟ್ಟೆ, ಆಗ ಒಂದು ಬದಿ ಪೂರ್ತಿ ಬೆಳ್ಳಗಾಗಿ ಟೋನೇ, ಅಂದ್ರೆ ತಿಳಿ-ಕಪ್ಪಿನ ಮಟ್ಟಾನೇ, ಸಿಗ್ತಿರಲಿಲ್ಲ. ಎರಡಡಿಗೆ ಸರಿಸ್ದೆ. ದೂರ ಡಬಲ್ ಆದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ, ಆದ್ರೆ ವಸ್ತು ಮೇಲೆ ಸಮನಾಗಿ ಹರಡುತ್ತೆ, ನಮಗೆ ಬೇಕಾಗಿದ್ದು ಅದೇ. ಖರ್ಚು ಅಂದ್ರೆ ಹೋಲ್ಡರ್ ಮತ್ತು ಬಲ್ಬ್ ಮಾತ್ರ, ಆ ಟಿನ್ ಡಬ್ಬಿ ದುಡ್ಡಿನ ಹತ್ತನೇ ಒಂದು ಭಾಗಾನೂ ಇಲ್ಲ. ಹೊಟ್ಟೆ ಉರಿಯೋದು ಇದಕ್ಕೇ.

ಆಮೇಲೆ ನಾನು ಮಾಡಿದ ಕೆಲಸಕ್ಕೆ ಜನ ನಕ್ಕಿದ್ದು. ಬಿಡಿಸೋ ಸಾಮಾನಿಗೆಲ್ಲ ಬಿಳಿ ಬಣ್ಣ ಬಳಿದೆ. ಹಳೇ ಬಾಟಲಿ, ಮರದ ಗುಂಡು, ಡಬ್ಬಿ, ಒಡೆದ ಕಪ್, ಎಲ್ಲಾ. ಬಣ್ಣದ ವಸ್ತುವಾದ್ರೆ ಕಪ್ಪು ಕಾಣ್ತಿರೋದು ಬಣ್ಣದಿಂದಾನಾ ನೆರಳಿಂದಾನಾ ಅಂತ ತಲೆ ಕೆಡುತ್ತೆ, ಬಿಳಿಯಾದ್ರೆ ಕಾಣೋದೆಲ್ಲ ಬೆಳಕೇ. ಹೊಳಪು ಮಾತ್ರ ಇರಬಾರದು. ಅಂಗಡಿ ಬಣ್ಣದಲ್ಲಿ ಹೊಳಪು ಇದ್ದೇ ಇರುತ್ತೆ, ಅದನ್ನ ಸಾಯಿಸೋಕೆ ನಾನು ಏನು ಬೆರೆಸ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಏಳೆಂಟು ಸಲ ಕೆಡಿಸಿ ಕಂಡುಕೊಂಡಿದ್ದು.

ಈಗ ಬಿಡಿಸೋ ರೀತಿ. ಕಣ್ಣು ಅರ್ಧ ಮುಚ್ಚಿ ನೋಡೋದು, ಬೆಳಕು ಒಂದು, ನೆರಳು ಒಂದು, ಎರಡೇ ಭಾಗ. ನೆರಳಿನ ಭಾಗ ಪೂರ್ತಿ, ವಸ್ತುವಿನ ಮೇಲಿಂದೂ ಕೆಳಗೆ ಬಿದ್ದಿದ್ದೂ ಸೇರಿಸಿ, 2ಬಿಯಲ್ಲಿ ಒಂದೇ ಟೋನ್, ಮಧ್ಯೆ ಗೆರೆ ಇಲ್ಲ. ಒಂದು 20 ನಿಮಿಷ. ಈ ಹಂತದಲ್ಲಿ ಯಾರಿಗೂ ತೋರಿಸ್ಬೇಡಿ. ನನ್ನ ಗೆಳೆಯ ಒಬ್ಬ ನೋಡಿ "ಏನೋ ಇದು, ಕಾಲ್ಚೀಲ ಒಣಗಾಕಿದ್ಯಾ" ಅಂದ. ಮುಂಚೆ ನನಗೆ ಹೇಳಿಕೊಟ್ಟ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೆರೆ ಗಟ್ಟಿ ಇಲ್ದೋರು ಮಾಡೋ ಕಳ್ಳಾಟ ಇದು ಅಂದ್ರು. ಅದು ತುಂಬಾ ದಿನ ಚುಚ್ತು, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ವಸ್ತು ಟೇಬಲ್ಲಿಗೆ ತಾಗೋ ಜಾಗ. ಕೂದಲೆಳೆ ಅಷ್ಟು ಸಣ್ಣ ಸಂದಿ, ಬೆಳಕು ನುಗ್ಗೋಕೇ ಆಗದ ಜಾಗ, ಇಡೀ ಚಿತ್ರದಲ್ಲಿ ಅದೇ ಅತೀ ಕಪ್ಪು. 4ಬಿ ಮೊನೆ ಚೂಪು ಮಾಡಿ ಅಲ್ಲೊಂದು ಎಳೆದ ತಕ್ಷಣ ತೇಲ್ತಿದ್ದ ಮೊಟ್ಟೆ ಧಪ್ ಅಂತ ಕೂತ್ಕೊಳ್ಳುತ್ತೆ, ಅದನ್ನ ನೋಡೋಕೆ ಇವತ್ತಿಗೂ ಖುಷಿ. ಬಿದ್ದ ನೆರಳಿನ ಅಂಚೂ ಅಲ್ಲೇ ಹತ್ತಿರ ಚೂಪು, ದೂರ ಹೋದಂಗೆ ಮಸುಕು, ಅದನ್ನ ಕೊನೇವರೆಗೂ ಒಂದೇ ಥರ ಚೂಪಾಗಿ ಬಿಡಿಸೋರು ಜಾಸ್ತಿ.

ಬೆಳಕಿನ ಬದಿ ಅಂಚನ್ನ ನಾನು ಮುಟ್ಟೋದೇ ಇಲ್ಲ. ಅದರ ಹಿಂದಿನ ಗೋಡೆಗೆ ಎಚ್‌ಬಿಯಲ್ಲಿ ತೆಳ್ಳಗೆ ಟೋನ್ ಕೊಡ್ತಾ ಬರ್ತೀನಿ, ಮೊಟ್ಟೆ ತಾನಾಗೇ ಆಚೆ ಬರುತ್ತೆ. ಉಳಿದ ಮೂರು ಗಂಟೆ ಎಲ್ಲಾ ಬೆಳಕಿಂದ ನೆರಳಿಗೆ ತಿರುಗೋ ಜಾಗಕ್ಕೆ, 2ಎಚ್ ಹಿಡ್ಕೊಂಡು, ಬೇಸರ ಹಿಡಿಸೋ ಕೆಲಸ, ಹೇಳೋಕೇನೂ ಇಲ್ಲ.

ಆದ್ರೆ ಇಲ್ಲೊಂದು ಗುಂಡಿ ಇದೆ, ನಾನು ಹತ್ತು ಹನ್ನೆರಡು ಮೊಟ್ಟೆ ಅದ್ರಲ್ಲೇ ಕಳ್ಕೊಂಡೆ. ನೆರಳಿನ ಬದಿಯ ಕೆಳಗಡೆ ಟೇಬಲ್ಲಿಂದ ಬೆಳಕು ವಾಪಸ್ ಬಡಿದು ಒಂದು ತಿಳಿ ಪಟ್ಟಿ ಕಾಣುತ್ತಲ್ಲ, ಅದನ್ನ ಎಲ್ಲರೂ ಜಾಸ್ತಿ ಬೆಳ್ಳಗೆ ಮಾಡ್ತೀವಿ. ಕಣ್ಣಿಗೆ ಹಂಗೇ ಕಾಣುತ್ತೆ, ಸುತ್ತ ಕಪ್ಪಿರೋದ್ರಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ದೃಷ್ಟಿ ಬಗ್ಗೆ ಸಂಶೋಧನೆ ಮಾಡೋ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚೌಕಗಳ ಚಿತ್ರ ನೋಡಿರ್ತೀರಿ, ಸಿಲಿಂಡರಿನ ನೆರಳಲ್ಲಿರೋ ಬಿಳಿ ಚೌಕ, ಹೊರಗಿರೋ ಕಪ್ಪು ಚೌಕ, ಎರಡೂ ಒಂದೇ ಬೂದು ಬಣ್ಣ, ಎಷ್ಟು ಹೇಳಿದ್ರೂ ಕಣ್ಣು ನಂಬಲ್ಲ. ಮೊಟ್ಟೆ ಮೇಲೂ ಅದೇ ಮೋಸ. ಅದಕ್ಕೆ ನಾನು ಬೂದು ರಟ್ಟಲ್ಲಿ ಎರಡು ತೂತು ಮಾಡ್ಕೊಂಡೆ, ಒಂದರಲ್ಲಿ ಆ ಪಟ್ಟಿ, ಇನ್ನೊಂದರಲ್ಲಿ ಬೆಳಕಿನ ಬದಿಯ ಅತೀ ಮಬ್ಬಾದ ಜಾಗ ಬರೋ ಹಂಗೆ ಹಿಡಿದು ಒಂದು ಕಣ್ಣಲ್ಲಿ ನೋಡ್ದೆ. ಬೆಳ್ಳಗಿದೆ ಅಂದ್ಕೊಂಡಿದ್ದ ಪಟ್ಟಿ ಆ ಮಬ್ಬಿಗಿಂತ ಎಷ್ಟೋ ಕಪ್ಪು! ಅವತ್ತು ಹಳೇ ಶೀಟುಗಳನ್ನೆಲ್ಲ ತೆಗ್ದು ನೋಡಿದ್ರೆ ಒಂದೂ ಬಿಡದೆ ಅದೇ ತಪ್ಪು.

ಹೈಲೈಟ್ ಕಥೇನೂ ಹಂಗೇ. ಅಭ್ಯಾಸಬಲ, ಕೊನೆಗೆ ರಬ್ಬರಲ್ಲಿ ಒಂದು ಬಿಳಿ ಚುಕ್ಕೆ ಇಡೋದು, ಮೊಟ್ಟೆ ಪಿಂಗಾಣಿ ಆಗ್ಬಿಡ್ತಿತ್ತು. ಹೊಳಪಿಲ್ಲದ ವಸ್ತುವಿಗೆ ಅಂಥ ಚುಕ್ಕೆ ಇರೋದೇ ಇಲ್ಲ. ಇದನ್ನ ಖಾತ್ರಿ ಮಾಡ್ಕೊಳ್ಳೋಕೆ ಕಪ್ಪು ಹೊಳಪಿನ ಚೆಂಡು ಒಂದು, ಬಿಳಿ ಮಂಕು ಚೆಂಡು ಒಂದು ಅಕ್ಕಪಕ್ಕ ಇಟ್ಟು ಒಂದು ವಾರ ಬಿಡಿಸ್ದೆ. ಕಪ್ಪು ಚೆಂಡಲ್ಲಿ ಬಲ್ಬಿನ ಆಕಾರಾನೇ ಕಾಣ್ತಿತ್ತು, ಬಿಳಿದ್ರಲ್ಲಿ ಬರೀ ಹರಡಿದ ಬೆಳಕು. ಗಾಜಿನ ಲೋಟಕ್ಕೂ ಕೈ ಹಾಕ್ದೆ, ಅಲ್ಲಿ ನನ್ನ ನಿಯಮ ಒಂದೂ ನಡೀಲಿಲ್ಲ, ನೆರಳಿನ ಮಧ್ಯಾನೇ ಬೆಳಕಿನ ಬಳ್ಳಿ ಬಿದ್ದಿರುತ್ತೆ. ಇದ್ದಲು ಪೆನ್ಸಿಲ್ಲಲ್ಲಿ ಮಿಂಚದ ಕಪ್ಪು ಸಿಗುತ್ತೆ ನಿಜ, ಆದ್ರೆ ಗ್ರಾಫೈಟ್ ಮೇಲೆ ಅದು ಹತ್ತಲ್ಲ, ಮೊದ್ಲೇ ಹಾಕ್ಕೊಬೇಕು, ಎರಡು ಶೀಟ್ ಹಾಳು ಮಾಡಿ ತಿಳ್ಕೊಂಡೆ.

ಇದೆಲ್ಲ ತಲೇಲಿ ಓಡ್ತಿದ್ದ ದಿನಗಳಲ್ಲಿ ಬಿದಿಗೆ ಚಂದ್ರನ್ನ ನೋಡಿದ್ರೂ ಶೇಡಿಂಗೇ ಕಾಣ್ತಿತ್ತು. ಸಣ್ಣ ಗೆರೆಯಷ್ಟು ಬೆಳಕು, ಉಳಿದ ಕತ್ತಲ ಭಾಗಾನೂ ಮಸುಕಾಗಿ ಕಾಣುತ್ತಲ್ಲ, ಅದು ಭೂಮಿಯಿಂದ ವಾಪಸ್ ಹೋದ ಬೆಳಕು, ನಮ್ಮ ಟೇಬಲ್ ಮಾಡೋ ಕೆಲಸಾನೇ. 1609ರಲ್ಲಿ ಗೆಲಿಲಿಯೋ ದೂರದರ್ಶಕ ಇಟ್ಟು ಅಲ್ಲಿ ಬೆಟ್ಟ ಇದೆ ಅಂತ ಕಂಡುಕೊಂಡಿದ್ದೂ ನೆರಳಿನ ಲೆಕ್ಕದಲ್ಲೇ. ಇದನ್ನ ಮೇಷ್ಟ್ರಿಗೆ ಹೇಳೋಣ ಅಂದ್ಕೊಂಡೆ, ಬಿಟ್ಟೆ.

ಲೆಕ್ಕಕ್ಕೆ ಬಂದ್ರೆ, ಹೊಸ ರೀತೀಲಿ ಬಿಡಿಸಿದ್ದು 40ರ ಆಸುಪಾಸು, ಕೆಟ್ಟಿದ್ದು 25 ಇರಬಹುದು. ಒಂದು ಒಳ್ಳೇ ಚಿತ್ರಕ್ಕೆ ಫಿಕ್ಸೆಟಿವ್ (ಪೆನ್ಸಿಲ್ ಅಳಿಸದ ಹಂಗೆ ಹೊಡೆಯೋ ಸ್ಪ್ರೇ) ದುಡ್ಡು ಉಳಿಸೋಕೆ ಹೋಗಿ ಹೇರ್ ಸ್ಪ್ರೇ ಹೊಡೆದೆ, ಹನಿ ಬಿದ್ದು ಚುಕ್ಕೆ ಚುಕ್ಕೆ ಆಯ್ತು, ಹನ್ನೊಂದು ಗಂಟೆ ಕೆಲಸ ಗೋವಿಂದ. ಉಳಿದವುಗಳಲ್ಲಿ ಮೂರು ಮಾರಾಟ ಆದ್ವು. ಟಿನ್ ಡಬ್ಬಿ, ನುಣುಪು ಪೇಪರು, ಆ ಬ್ಯಾಟರಿ ರಬ್ಬರು, ಎಲ್ಲದರ ದುಡ್ಡೂ ವಾಪಸ್ ಬಂತು, ಮೇಲೆ ಒಂದು ವರ್ಷದ ಕಾರ್ಟ್ರಿಡ್ಜ್ ಪೇಪರಿಗಾಗುವಷ್ಟು ಉಳೀತು. ಮೂರನೇದು ಕೊಂಡವರು ಮೊಟ್ಟೆ ಮೇಲೆ ಬೆರಳಿಟ್ಟು ನೋಡಿದ್ರು. ಪೆನ್ಸಿಲ್ ಅಳಿಸುತ್ತೆ ಸಾರ್ ಅಂತ ಬೈಬೇಕಿತ್ತು, ಬಾಯೇ ಬರ್ಲಿಲ್ಲ.

ಬಿಡಿಸೋಕೆ ಮುಂಚೆ ಪೇಪರಿಗೆ ನಾನೊಂದು ಕೆಲಸ ಮಾಡ್ತೀನಿ, ಅದನ್ನೂ ಸದ್ಯಕ್ಕೆ ಹೇಳಲ್ಲ. ಕಾಲ್ಚೀಲ ಅಂದ ಗೆಳೆಯ ಈಗ ಅವನೇ ಡಬ್ಬ ಕಟ್ಟಿಕೊಂಡಿದಾನೆ, ಬಿಳಿ ಬಣ್ಣಕ್ಕೆ ಏನು ಹಾಕ್ತೀಯ ಹೇಳೋ ಅಂತ ವಾರಕ್ಕೊಂದು ಸಲ ಫೋನ್. ಅರ್ಧ ಹೇಳಿದೀನಿ. ನನ್ನ ಡಬ್ಬದಲ್ಲಿ ಸದ್ಯ ಮುದುಡಿದ ಕಾಗದದ ಉಂಡೆ ಕೂತಿದೆ, ಒಂಬತ್ತು ದಿನ ಆಯ್ತು, ಬಲಗಡೆಯ ನಾಲ್ಕು ಮಡಿಕೆ ಬಾಕಿ, ಯಾರೂ ಫ್ಯಾನ್ ಹಾಕಬೇಡಿ ಅಂತ ಮನೇಲಿ ಹೇಳಿಟ್ಟಿದೀನಿ.