‘ಹಾಗಾದರೆ ಮೂವರು ದೇವರಾ?’ ಅಂತ ಕೇಳಿದವರಿಗೆ ಹೇಗೆ ವಿವರಿಸಬೇಕು

ಕ್ರೈಸ್ತರು ದೇವರು ಒಬ್ಬನೇ ಅನ್ನುತ್ತಾರೆ, ಮರುಕ್ಷಣವೇ ತಂದೆ, ಮಗ, ಪವಿತ್ರಾತ್ಮ ಅನ್ನುತ್ತಾರೆ. ಕೇಳಿದವರಿಗೆ ಗೊಂದಲ ಆಗುವುದು ಸಹಜ. ಅವರ ಮೇಲೆ ಸಿಟ್ಟಾಗಬೇಡಿ, ಇದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಮಾತ್ರ ಮೂರರಿಂದ ಶುರು ಮಾಡಬೇಡಿ, ಒಂದರಿಂದ ಶುರು ಮಾಡಿ.

ಬೈಬಲಿನಲ್ಲಿ ಧರ್ಮೋಪದೇಶಕಾಂಡ 6:4 ತೆಗೆಯಿರಿ. ನಮ್ಮ ದೇವರು ಒಬ್ಬನೇ ಎಂದು ಇಸ್ರಾಯೇಲ್ಯರಿಗೆ ಸಾರುವ ಮಾತು ಅದು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಶಾಸ್ತ್ರಿಯೊಬ್ಬ ಕೇಳಿದಾಗ ಯೇಸು ಮೊದಲು ಹೇಳಿದ್ದೂ ಇದನ್ನೇ, ಮಾರ್ಕ 12:29ರಲ್ಲಿದೆ. ಯೇಸುವಿನ ಮೊದಲ ಶಿಷ್ಯರು ಯೆಹೂದಿಗಳು, ಚಿಕ್ಕಂದಿನಿಂದ ಇದನ್ನೇ ಹೇಳಿಕೊಂಡು ಬೆಳೆದವರು. ಇನ್ನೊಬ್ಬ ದೇವರು ಅನ್ನುವ ಮಾತೇ ಅವರಿಗೆ ಸಹಿಸದು. ಅಂಥವರೇ ಯೇಸುವಿಗೆ ಅಡ್ಡಬಿದ್ದರು, ಶಿಷ್ಯ ತೋಮನಂತೂ ಅವರನ್ನು ನನ್ನ ಸ್ವಾಮಿ, ನನ್ನ ದೇವರು ಅಂದುಬಿಟ್ಟ. ತ್ರಿಯೇಕ ದೇವರ, ಅಂದರೆ ತಂದೆ, ಮಗ, ಪವಿತ್ರಾತ್ಮ ಆಗಿರುವ ಒಬ್ಬನೇ ದೇವರ ನಂಬಿಕೆ ಹುಟ್ಟಿದ್ದು ಈ ಇಕ್ಕಟ್ಟಿನಿಂದ: ದೇವರು ಒಬ್ಬನೇ ಅನ್ನುವುದನ್ನು ಬಿಡುವ ಹಾಗಿಲ್ಲ, ಯೇಸುವಿನಲ್ಲಿ ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವ ಹಾಗೂ ಇಲ್ಲ.

ಆಮೇಲೆ ಮತ್ತಾಯ 3ನೇ ಅಧ್ಯಾಯದ ಕೊನೆಯನ್ನು ಜೊತೆಯಲ್ಲಿ ಕೂತು ನಿಧಾನವಾಗಿ ಓದಿ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ನೀರಿನಿಂದ ಮೇಲೆ ಬರುತ್ತಾರೆ, ದೇವರ ಆತ್ಮ ಪಾರಿವಾಳದ ಹಾಗೆ ಅವರ ಮೇಲೆ ಇಳಿಯುತ್ತದೆ, ಆಕಾಶದಿಂದ ಈತನೇ ನನ್ನ ಪ್ರಿಯ ಮಗ ಎಂಬ ತಂದೆಯ ದನಿ ಕೇಳುತ್ತದೆ. ಮೂವರೂ ಒಂದೇ ಗಳಿಗೆಯಲ್ಲಿ ಅಲ್ಲಿದ್ದಾರೆ.

ಅದಕ್ಕೇ ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ಕೊಡಬೇಡಿ. ಎಲ್ಲರೂ ಕೊಡುತ್ತಾರೆ, ಕೇಳೋಕೂ ಸುಲಭ. ಆದರೆ ಕೊನೆಗೆ ಒಬ್ಬನೇ ದೇವರು ಒಂದೊಂದು ಸಲ ಒಂದೊಂದು ವೇಷ ಹಾಕುತ್ತಾನೆ ಅಂತಾಗುತ್ತದೆ. 3ನೇ ಶತಮಾನದ ಸಬೆಲ್ಲಿಯಸ್ ಹೆಸರಿನಲ್ಲಿ ಉಳಿದಿರುವ ಬೋಧನೆ ಇದೇ, ಕ್ರೈಸ್ತ ಸಭೆ ಅದನ್ನು ತಳ್ಳಿಹಾಕಿತು. ಬರೀ ವೇಷವಾದರೆ ಗೆತ್ಸೆಮನೆ ತೋಟದಲ್ಲಿ ಯೇಸು ಸಂಕಟಪಟ್ಟು ಪ್ರಾರ್ಥಿಸಿದ್ದು ಯಾರಿಗೆ?

ಇನ್ನೊಂದು ಕಡೆಗೂ ಜಾರಬಾರದು. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್, ಮಗ ಎಷ್ಟೇ ದೊಡ್ಡವನಾದರೂ ತಂದೆಯಿಂದ ಸೃಷ್ಟಿಯಾದವನೇ ಅಂದ. ದೇವರು ಒಬ್ಬನೇ ಅನ್ನುವುದು ಇದರಲ್ಲಿ ಉಳಿದ ಹಾಗೆ ಕಾಣುತ್ತದೆ, ಅಲ್ವಾ? ಉಳಿಯುವುದಿಲ್ಲ. ಕ್ರೈಸ್ತರು ಯೇಸುವನ್ನು ಆರಾಧಿಸುತ್ತಿದ್ದರು, ಅವರು ಸೃಷ್ಟಿಯಾದವರಾದರೆ ಅದು ವಿಗ್ರಹಾರಾಧನೆಯೇ ಆಗುತ್ತದೆ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರು ಅರಿಯಸ್ ಮಾತನ್ನು ತಳ್ಳಿ, ತಂದೆಯ ಸಾರವೇ ಮಗನದ್ದು ಅಂದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪವಿತ್ರಾತ್ಮನ ವಿಷಯವೂ ಸ್ಪಷ್ಟವಾಯಿತು. ಇದೆಲ್ಲ ನೈಸಿಯದಲ್ಲಿ ಸುಮ್ನೆ ಕಟ್ಟಿದ್ದು ಅಂತ ಯಾರಾದರೂ ಅಂದರೆ, ಅದಕ್ಕೂ ನೂರು ವರ್ಷ ಹಿಂದೆಯೇ ಕ್ರೈಸ್ತ ಲೇಖಕ ಟೆರ್ಟುಲಿಯನ್ ಈ ಮೂವರ ಬಗ್ಗೆ ಬರೆದದ್ದನ್ನು ತೋರಿಸಿ.

ಈಗ ಲೆಕ್ಕದ ಪ್ರಶ್ನೆ ಬರುತ್ತದೆ. ದೇವರು ಏನು ಅಂದರೆ ಉತ್ತರ ಒಂದೇ, ಆ ದೇವರು ಯಾರು ಅಂದರೆ ತಂದೆ, ಮಗ, ಪವಿತ್ರಾತ್ಮ. ಒಬ್ಬೊಬ್ಬರೂ ಮೂರನೇ ಒಂದು ಪಾಲಲ್ಲ, ಪೂರ್ತಿ ದೇವರೇ. ಇಲ್ಲಿ ಬುದ್ಧಿವಂತರು ಬಿಡುವುದಿಲ್ಲ: ಮೂವರು ಮನುಷ್ಯರಿಗೂ ಮನುಷ್ಯತ್ವ ಒಂದೇ, ಆದರೂ ಅವರು ಮೂವರೇ ತಾನೆ? ಒಳ್ಳೆಯ ಪ್ರಶ್ನೆ. 4ನೇ ಶತಮಾನದಲ್ಲಿ ನಿಸ್ಸದ ಬಿಷಪ್ ಗ್ರೆಗರಿ ಇದನ್ನೇ ಎತ್ತಿಕೊಂಡು ಬರೆದರು. ಮೂವರು ಮನುಷ್ಯರು ಒಂದೇ ಕಸುಬು ಮಾಡಿದರೂ ಅವರವರ ಕೆಲಸ ಅವರವರದ್ದು. ದೇವರಲ್ಲಿ ಹಾಗಲ್ಲ, ತಂದೆಯಿಂದ ಹೊರಟು ಮಗನ ಮೂಲಕ ಬಂದು ಪವಿತ್ರಾತ್ಮನಲ್ಲಿ ಪೂರ್ತಿಯಾಗುವ ಒಂದೇ ಕೆಲಸ, ಒಂದೇ ಚಿತ್ತ. ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಉತ್ತರ ಇದು.

ಯೆಹೂದಿ ಅಥವಾ ಮುಸ್ಲಿಂ ಗೆಳೆಯರು ಇಷ್ಟಾದರೂ ಒಪ್ಪದಿರಬಹುದು. ಒಪ್ಪಿಸಲೇಬೇಕು ಅಂತ ಹಟ ಬೇಡ, ಕ್ರೈಸ್ತರು ಮೂವರು ದೇವರನ್ನು ನಂಬುವುದಿಲ್ಲ ಅನ್ನುವುದು ತಿಳಿದರೆ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಲವು ಹಳೆಯ ಅನುವಾದಗಳಲ್ಲಿ 1 ಯೋಹಾನ 5:7ರಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ, ಈ ಮೂವರೂ ಒಂದೇ ಎಂಬ ಸಾಲು ಇದೆ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇಲ್ಲ, ಅದನ್ನು ಆಧಾರವಾಗಿ ಕೊಡಬೇಡಿ. ಮೂವರ ಹೆಸರೂ ಒಟ್ಟಿಗೆ ಬರುವ ಮತ್ತಾಯ 28:19 ಮತ್ತು 2 ಕೊರಿಂಥ ಪತ್ರಿಕೆಯ ಕೊನೆಯ ಆಶೀರ್ವಾದ ತೋರಿಸಿ.