ಹುಲಿಕಲ್ ಘಾಟಿಯಲ್ಲಿ ಲೈನರ್ ಸುಡದಂತೆ ಇಳಿದ ನನ್ನ ಅನುಭವ

ಹುಲಿಕಲ್ ಘಾಟಿಯನ್ನು ನನ್ನ ಮಿನಿ ಲಾರಿಯಲ್ಲಿ ಎರಡನೇ ಗಿಯರ್‌ನಲ್ಲೇ ಪೂರ್ತಿ ಇಳಿಯುತ್ತೇನೆ ಎಂದಾಗ ಘಾಟಿಯ ಮೇಲಿನ ಮಾಸ್ತಿಕಟ್ಟೆಯಲ್ಲಿ ಚಹಾ ಕುಡಿಯುತ್ತಿದ್ದ ಚಾಲಕರು ಯಾರೂ ಒಪ್ಪಲಿಲ್ಲ. ಎಂಜಿನ್ ಹೋಗುತ್ತದೆ, ಡೀಸೆಲ್‌ಗೆ ದುಡ್ಡು ಸಾಲುವುದಿಲ್ಲ ಎಂದರು. ಎರಡು ಮಳೆಗಾಲ ಕಳೆದವು. ಎಂಜಿನ್ ಗಟ್ಟಿಮುಟ್ಟಾಗಿದೆ, ಹಿಂದಿನ ಚಕ್ರಗಳಲ್ಲಿ ಇನ್ನೂ ಅದೇ ಲೈನರ್, ಅಂದರೆ ಚಕ್ರದ ಡ್ರಮ್ಮಿಗೆ ಒಳಗಿನಿಂದ ಉಜ್ಜಿ ಗಾಡಿ ನಿಲ್ಲಿಸುವ ಬ್ರೇಕ್ ಪಟ್ಟಿ, ಇದೆ.

ಮೊದಲು ನಾನೂ ಮೂರನೇ ಗಿಯರ್‌ನಲ್ಲಿ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆ. ಒಂದು ಸಂಜೆ ಮಿನಿ ಲಾರಿಯಲ್ಲಿ ಮೂರು ಟನ್ ಅಕ್ಕಿ ಇತ್ತು. ಚಂಡಿಕಾಂಬೆಯ ಗುಡಿಗೆ ಕೈಮುಗಿದು ನಾಲ್ಕೈದು ತಿರುವು ಇಳಿದಿರಬೇಕು, ಸುಟ್ಟ ವಾಸನೆ ಬಂತು. ಪೆಡಲ್ ಕಲ್ಲಿನಂತೆ ಗಟ್ಟಿ, ಗಾಡಿ ಮಾತ್ರ ನಿಲ್ಲದು. ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಗಾಬರಿಯಲ್ಲಿ ಡ್ರಮ್ ಮೇಲೆ ಒಂದು ಕೊಡ ನೀರು ಸುರಿದೆ. ಟಣ್ ಎಂದಿತು; ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕು. ಡ್ರಮ್, ಲೈನರ್, ಕೂಲಿ ಸೇರಿ ಹನ್ನೊಂದು ಸಾವಿರದ ಹತ್ತಿರ ಹೋಯಿತು, ಮೂರು ಬಾಡಿಗೆ ತಪ್ಪಿದ್ದು ಬೇರೆ. ಆಮೇಲೆ ಗಟ್ಟಿ ಲೈನರ್ ಹಾಕಿಸಿದೆ. ಡ್ರಮ್‌ಗೆ ಗೀರು ಬಿದ್ದು ಅದನ್ನು ಕಡೆದು ನುಣುಪು ಮಾಡಿಸುವ ಟರ್ನಿಂಗ್ ಖರ್ಚೂ ಸೇರಿತು.

ಡಿಗ್ರಿ ಓದುವ ಮಗಳು ಲೆಕ್ಕ ಹಾಕಿದಳು: ‘ಅಪ್ಪಾ, 500 ಮೀಟರ್ ಎತ್ತರವನ್ನು ಬರೀ ಬ್ರೇಕಿನಲ್ಲಿ ಇಳಿದರೆ, 40ರ ವೇಗದಿಂದ ಎಂಬತ್ತು ಸಲ ನಿಲ್ಲಿಸಿದಷ್ಟು ಶಾಖ.’ ಅಂದಿನಿಂದ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗಿಯರ್; ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ನಡುವೆ ಕ್ಲಚ್ ಮುಟ್ಟುವುದಿಲ್ಲ. ಎಂಜಿನ್ ಸದ್ದು ಏರಿದರೆ ತಿರುವಿಗೆ ಮೊದಲೇ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ 15ಕ್ಕೆ ತಂದು, ಕಾಲನ್ನು ಪೂರ್ತಿ ತೆಗೆಯುತ್ತೇನೆ. ಆ ಬಿಡುವಿನಲ್ಲೇ ಡ್ರಮ್ ಆರಬೇಕು. ಹತ್ತು ನಿಮಿಷ ತಡವಾಗುತ್ತದೆ, ಆಗಲಿ. ಆಕ್ಸಿಲರೇಟರ್ ಬಿಟ್ಟಿರುವಾಗ ಡೀಸೆಲ್ ಸುಡುವ ಮಾತೇ ಇಲ್ಲ.

ಬ್ರೇಕ್ ಒತ್ತಿದ ಮೇಲೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬ ಕುತೂಹಲ ತಡೆಯದೆ ಒಂದು ಭಾನುವಾರ ನಗರ ಎಂಬ ಊರಿನ ಹತ್ತಿರ ಸಪಾಟು ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು ಖಾಲಿ ಗಾಡಿ ಓಡಿಸಿದೆ. ಗೆರೆಯ ಮೇಲೆ ಬ್ರೇಕ್ ಒತ್ತಿದರೆ 40ರಲ್ಲಿ ಸುಮಾರು 13 ಮೀಟರ್, 60ರಲ್ಲಿ 29. ಮಳೆ ಬಿದ್ದ ಮೇಲೆ 40ಕ್ಕೇ 20 ದಾಟಿತು. ಕ್ಲೀನರ್ ತನಗೆ ತೋಚಿದಾಗ ಕೈಬೀಸಿ, ಅದನ್ನು ನೋಡಿ ನಾನು ಒತ್ತಿದಾಗ ಇನ್ನೂ ಹತ್ತು ಮೀಟರ್ ಸೇರಿತು. ಅಷ್ಟು ದೂರ ಗಾಡಿ ಬ್ರೇಕ್ ಇಲ್ಲದೆಯೇ ಓಡಿತ್ತು!

ಕಳೆದ ವಾರ ಘಾಟಿ ಇಳಿದು ಕೆಳಗಿನ ಹೊಸಂಗಡಿಯಲ್ಲಿ ನಿಲ್ಲಿಸಿ ಡ್ರಮ್ ಮೇಲೆ ಎರಡು ಹನಿ ನೀರು ಚಿಮುಕಿಸಿದೆ. ಚುಯ್ ಎನ್ನದೆ ಹಾಗೇ ಜಾರಿ ಕೆಳಗಿಳಿಯಿತು. ಅಂದು ಬೇಡವೆಂದಿದ್ದ ಹಿರಿಯ ಚಾಲಕರೊಬ್ಬರು ಜೊತೆಗಿದ್ದರು. ಬಗ್ಗಿ ನೋಡಿ, ‘ಎಷ್ಟನೇ ಗಿಯರ್ ಎಂದೆ ಮಾರಾಯ?’ ಎಂದು ಕೇಳಿದರು.